ಬೆಲ್ಟಿನ ಕೊನೆಯ ತೂತು

ಗುರುಸಿದ್ದಪ್ಪನವರು ಬಿಪಿ ನೋಡುವ ಮಷೀನು ಕೊಂಡು ತಂದು, ಬಾಗಿಲ ಹಿಂದಿನ ಮೊಳೆಗೆ, ತಮ್ಮ ಹಳೆಯ ಬೆಲ್ಟಿನ ಪಕ್ಕದಲ್ಲೇ ನೇತುಹಾಕಿದರು.

"ಇನ್ನು ಚಿಂತೆ ಬಿಡು. ನಾನು ಒಂದು ಸಲ ಹೇಳಿದರೆ ಯಜಮಾನರು ದಾರಿಗೆ ಬರುತ್ತಾರೆ" ಎಂದಿತು ಮಷೀನು.

ಬೆಲ್ಟಿಗೆ ಮೈಯೆಲ್ಲ ಉರಿಯಿತು. "ಹೊಟ್ಟೆ ಬೆಳೆಯುತ್ತಿದೆ ಎಂದು ನಾನು ವರ್ಷಗಟ್ಟಲೆ ಹೇಳಿದೆ. ಪ್ರತಿ ಸಲವೂ ಮೊಳೆ ಕಾಯಿಸಿ ನನಗೇ ಒಂದು ತೂತು ಹಾಕಿದರು. ನಿನ್ನ ಮಾತು ಕೇಳುತ್ತಾರಂತೆ!"

ಮರುದಿನ ಬೆಳಿಗ್ಗೆ ಮಷೀನು ಬಿಪಿ ಏರಿದೆ ಎಂದು ತೋರಿಸಿತು. ಹೆಂಡತಿ ನೀಲಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟರು. "ಸಪ್ಪೆ ಸಾರು ಗಂಟಲಲ್ಲಿ ಇಳಿಯಬೇಕಲ್ಲ!" ಎಂದು ಗುರುಸಿದ್ದಪ್ಪನವರು ಉಪ್ಪಿನಕಾಯಿ ನೆಂಚಿಕೊಂಡರು, ಹಪ್ಪಳ ಮುರಿದರು, ಆ ರುಚಿಗೆ ಇನ್ನೆರಡು ಸೌಟು ಅನ್ನ ಹಾಕಿಸಿಕೊಂಡರು. ಸಂಜೆ ನೋಡಿದರೆ ಬಿಪಿ ಇನ್ನೂ ಮೇಲೆ.

"ಉಪ್ಪೇ ಬಿಟ್ಟಿದ್ದೇನೆ, ಈ ದರಿದ್ರ ಮಷೀನೇ ಸರಿಯಿಲ್ಲ!" ಎಂದು ಅದನ್ನು ಮೂಲೆಗೆಸೆದು, ಬೆಲ್ಟೂ ಬಿಗಿಯಾಗಿದೆ ಎಂದು ಗೊಣಗುತ್ತ ಮೊಳೆ ಕಾಯಿಸಲು ಒಲೆಯತ್ತ ನಡೆದರು.

"ಮುಂದೇನು?" ಎಂದು ಮೂಲೆಯಿಂದ ಮಷೀನು ಕೇಳಿತು.

"ನನ್ನಲ್ಲಿ ಇನ್ನು ಒಂದೇ ತೂತಿಗೆ ಜಾಗವಿದೆ" ಎಂದಿತು ಬೆಲ್ಟು. "ಆಮೇಲೆ ಮೊದಲು ಹರಿಯುವುದು ನಾನೋ, ಅವರ ನರವೋ, ನೋಡುತ್ತಿರು."