ಸೆರಗು ಕೂಡಿಸಿದ ದಿನ

“ಗುರುಗಳೇ, ಹೆಂಡತಿಯ ಮನಸ್ಸಿನಲ್ಲಿ ತಾನು ಬಿಟ್ಟುಬಂದ ದಾರಿಯ ಆಸೆ ಇನ್ನೂ ಉಳಿದಿದ್ದರೆ ಗಂಡನಾದವನು ಏನು ಮಾಡಬೇಕು?” ಎಂದು ಶಿಷ್ಯ ಕೇಳಿದ.

“ಯಾರ ಗಂಡ?” ಎಂದರು ಗುರುಗಳು.

“ಯಾರೋ ಒಬ್ಬ.”

“ಹಾಗಾದರೆ ಯಾರೋ ಒಬ್ಬನ ಕತೆಯನ್ನೇ ಕೇಳು.”

ಒಬ್ಬ ನೇಕಾರನಿದ್ದ. ಅವನ ಹೆಂಡತಿಯನ್ನು ಮದುವೆಗೆ ಮುಂಚೆ ಇಬ್ಬರು ಕೇಳಿದ್ದರು. ಒಬ್ಬ ಇವನು. ಇನ್ನೊಬ್ಬ, ಸೀರೆ ಹೇರಿಕೊಂಡು ಕಡಲತಡಿಯವರೆಗೂ ಹೋಗಿಬರುವ ವ್ಯಾಪಾರಿ. ಅವಳು ನೇಕಾರನ ಕೈ ಹಿಡಿದಳು. ಏಕೆಂದು ಅವನು ಇಪ್ಪತ್ತು ವರ್ಷ ಕೇಳಲಿಲ್ಲ, ಉತ್ತರಕ್ಕೆ ಹೆದರಿದ್ದ. ಮನೆಯಲ್ಲಿ ಯಾರಾದರೂ ಕಡಲಿನ ಮಾತೆತ್ತಿದರೆ, “ಬರೀ ಉಪ್ಪುನೀರು, ಬಾಯಿಗಿಡಲೂ ಆಗದು” ಎಂದುಬಿಡುತ್ತಿದ್ದ. ಅವನೇನು ಕಡಲನ್ನು ಕಂಡವನಲ್ಲ.

ಆ ನೇಕಾರರ ಕೇರಿಯಲ್ಲಿ ಸೀರೆಯ ಒಡಲಿಗೆ ಹಾಸು, ಎಂದರೆ ಮಗ್ಗದ ಉದ್ದಕ್ಕೆ ಹೂಡುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೂಡಿಸಬೇಕು. ಒಬ್ಬರು ಎಳೆ ಕೊಡಬೇಕು, ಒಬ್ಬರು ಕೊಂಡಿ ಹಾಕಬೇಕು. ನಡುವೆ ಬಿಟ್ಟರೆ ಎಳೆಗಳು ಸಿಕ್ಕಾಗುತ್ತವೆ. ಆದ್ದರಿಂದ ಎಳೆ ಕೊಡುವವರು ಏಳಬೇಕಾಗಿ ಬಂದರೆ, ಮೊದಲು ಬಾಗಿಲಿಗೆ ಬಂದವರು ಯಾರೇ ಆಗಲಿ, ಆ ಜಾಗದಲ್ಲಿ ಕೂರಬೇಕು. ಅದು ಕೇರಿಯ ಕಟ್ಟಳೆ.

ಒಂದು ಬೆಳಿಗ್ಗೆ, ಕೊಂಡಿ ಹಾಕುತ್ತಿದ್ದ ಹೆಂಡತಿಗೆ ಎಳೆ ಕೊಡುತ್ತಿದ್ದ ನೇಕಾರನಿಗೆ ಚಳಿಜ್ವರ ಬಂತು. ಅಲ್ಲೇ ಮೂಲೆಯ ಮಂಚದ ಮೇಲೆ ಮಲಗಿದ. ಬಾಗಿಲಿಗೆ ಮೊದಲು ಬಂದವನು ಆ ವ್ಯಾಪಾರಿ. ಸೀರೆ ಕೊಳ್ಳಲು ಬಂದವನು ಕಟ್ಟಳೆಗೆ ತಲೆಬಾಗಿ, ಚಪ್ಪಲಿ ಬಿಟ್ಟು ಕೂತ. ನೇಕಾರ ಕಂಬಳಿ ಎಳೆದುಕೊಂಡ. ಕಿವಿ ಮಾತ್ರ ಹೊರಗಿತ್ತು.

“ಊರೂರು ತಿರುಗಿದ್ದೇ ಬಂತು ಸಾಹುಕಾರರೇ, ಒಂದು ಎಳೆ ನೆಟ್ಟಗೆ ಕೊಡಲು ಬರುವುದಿಲ್ಲ,” ಎಂದಳು ನೇಕಾರನ ಹೆಂಡತಿ.

ವ್ಯಾಪಾರಿ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ: “ಅಂದು ನನ್ನ ಜೊತೆ ಬಂದಿದ್ದರೆ ನೀನೂ ಕಡಲು ನೋಡುತ್ತಿದ್ದೆ. ನೋಡಲಿಲ್ಲವಲ್ಲಾ ಎಂದು ಒಂದು ದಿನವಾದರೂ ಹೊಟ್ಟೆ ಉರಿಯಲಿಲ್ಲವೇ?”

“ಉರಿಯಿತು. ಈಗಲೂ ಉರಿಯುತ್ತದೆ,” ಎಂದಳು. “ಎಳೆ ಕೊಡಿ.”

ಇಪ್ಪತ್ತು ವರ್ಷ ಯಾವ ಮಾತಿಗೆ ಹೆದರಿದ್ದನೋ ಆ ಮಾತು ನೇಕಾರನ ಕಿವಿಗೆ ಬಿತ್ತು. ಅವಳ ಕೈ ಈಗ ತಡವರಿಸುತ್ತದೆ ಎಂದು ಅವನು ಕಾದ. ಅವಳ ಬಳೆಗಳ ಸದ್ದು ನಿಲ್ಲಲಿಲ್ಲ. ಕೊಂಡಿಯ ಮೇಲೆ ಕೊಂಡಿ ಬೀಳುತ್ತಲೇ ಹೋಯಿತು, ಒಂದೂ ತಪ್ಪಲಿಲ್ಲ. ಅವಳು ಆಸೆಯನ್ನೂ ಸುಳ್ಳು ಮಾಡಲಿಲ್ಲ, ಕೆಲಸವನ್ನೂ ಸಡಿಲ ಬಿಡಲಿಲ್ಲ. ಇಷ್ಟು ವರ್ಷ ಎದುರಿಗೆ ಕೂತು ಎಳೆ ಕೊಟ್ಟರೂ ಇಂಥವಳೆಂದು ಅವನಿಗೆ ತಿಳಿದಿರಲಿಲ್ಲ.

ನೇಕಾರ ಕಂಬಳಿ ಸರಿಸಿ ಎದ್ದು ಕೂತ.

“ಸಾಹುಕಾರರೇ, ಕಡಲಿಗೆ ಎಷ್ಟು ದಿನದ ದಾರಿ?”

“ಗಾಡಿಯಲ್ಲಿ ಹನ್ನೆರಡು ದಿನ.”

“ನಾನೂ ಇವಳೂ ಹೋದರೆ?”

“ಇವರಿಗೆ ಜ್ವರ ತಲೆಗೇರಿದೆ,” ಎಂದಳು ಅವಳು. ಆದರೆ ಬೆಳಗಿನಿಂದ ಮೊದಲ ಬಾರಿಗೆ ಅವಳ ಕೈ ನಿಂತಿತ್ತು.

ಗುರುಗಳು ಅಲ್ಲಿಗೇ ಕತೆ ನಿಲ್ಲಿಸಿದರು.

“ಎಂಥ ಹೆಣ್ಣು!” ಎಂದ ಶಿಷ್ಯ. “ಆಮೇಲೆ ಅವರು ಕಡಲಿಗೆ ಹೋದರೇ ಗುರುಗಳೇ?”

“ಅದಿರಲಿ, ನಿನ್ನ ಹೆಂಡತಿಗೆ ಏನು ನೋಡುವ ಆಸೆಯಿತ್ತು?” ಎಂದರು ಗುರುಗಳು.