ಚಾಂದಬಿ ನಿಲ್ಲುತ್ತಿದ್ದ ಜಾಗ

ಅಡಿವೆಯ್ಯ ಮಾಸ್ತರರು ನಾಟಕ ಕಂಪನಿಯ ಪ್ರಾಂಪ್ಟರ್. ರಂಗದ ಪಕ್ಕದ ಮರೆಯಾದ ಸೈಡ್ ವಿಂಗಿನ ಕತ್ತಲಲ್ಲಿ, ಯಾರಿಗೂ ಕಾಣದಂತೆ ಕೂತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುವುದು ಅವರ ಕೆಲಸ. ಶಿವಲೀಲಾ ಅದನ್ನು ಅವರಲ್ಲಿ ಕಲಿಯುತ್ತಿದ್ದಳು.

ಅಂದಿನ ಮಧ್ಯಾಹ್ನದ ಆಟದಲ್ಲಿ, ರಾಜನ ಪಾತ್ರದ ದಾವಲಸಾಬ ಸಿಂಹಾಸನದಿಂದ ಎದ್ದ. ವಿಂಗಿನ ಕಡೆ ತಿರುಗಿದ. ಸುಮ್ಮನೆ ನಿಂತುಬಿಟ್ಟ.

ಶಿವಲೀಲಾ ಮಾತು ಎತ್ತಿಕೊಟ್ಟಳು. ಅವನು ಆಡಲಿಲ್ಲ. ಗಾಬರಿಯಾಗಿ ಇನ್ನೂ ಜೋರಾಗಿ ಹೇಳಿದಳು. ಅದು ಹಿಂದಿನ ಸಾಲಿಗೂ ಕೇಳಿಸಿತು.

“ರಾಜಾಗ ರಾಣಿ ಹೇಳಿಕೊಡಾಕತ್ತಾಳ!” ಎಂದು ಯಾರೋ ಕೂಗಿದರು. ಜನ ನಕ್ಕರು.

ಪರದೆ ಬಿದ್ದ ಮೇಲೆ ಮಾಲೀಕ ಬಂದ. “ದಾವಲಣ್ಣ, ನಾಳೆನೂ ಹಿಂಗಾದ್ರ ಪಾರ್ಟು ಬ್ಯಾರೆಯವರಿಗೆ ಕೊಡ್ತೀನಿ.”

ದಾವಲಸಾಬ ಕಿರೀಟ ತೆಗೆದು ಪೆಟ್ಟಿಗೆಯ ಮೇಲಿಟ್ಟು ಹೊರಗೆ ಹೋದ.

“ಮಾಸ್ತರ, ನಾ ಬರೋಬ್ಬರಿ ಹೇಳೀನಲ್ರಿ. ದಾವಲ ಕಾಕಾ ಯಾಕ ಆಡಲಿಲ್ಲ?” ಎಂದಳು ಶಿವಲೀಲಾ.

“ಅಂವ ಏನ ಮರ್ತಿದ್ದ?”

“ಮಾತು.”

“ಆ ಮಾತು ಅಂವ ನಿದ್ದಿಯೊಳಗೂ ಆಡ್ತಾನ.”

“ಮತ್ತ ನಮ್ಮ ಕಡೆ ಯಾಕ ನೋಡಿದ್ರು?”

ಮಾಸ್ತರರು ಪರದೆಯ ಅಂಚಿಗೆ, ರಂಗದ ಬೆಳಕು ತುಸು ತಾಗುವ ನೆಲಕ್ಕೆ ಬೆರಳು ತೋರಿಸಿದರು. “ಚಾಂದಬಿ ಅಲ್ಲಿ ನಿಲ್ತಿದ್ಲು. ಆಕಿನ್ನ ನೋಡೇ ಅಂವ ಈ ಮಾತು ಸುರು ಮಾಡ್ತಿದ್ದ.”

ಚಾಂದಬಿ ದಾವಲಸಾಬನ ಹೆಂಡತಿ. ಕಂಪನಿಯ ಪೋಷಾಕು ಹೊಲಿಯುತ್ತಿದ್ದಳು. ಕಳೆದ ತಿಂಗಳು ತೀರಿಕೊಂಡಿದ್ದಳು. ಶಿವಲೀಲಾ ಕಂಪನಿ ಸೇರಿದ್ದು ಆಮೇಲೆ. ಈ ನಾಟಕ ಮತ್ತೆ ಆಡಿದ್ದು ಅಂದೇ ಮೊದಲು.

ಮರುದಿನ ಅದೇ ದೃಶ್ಯ. ದಾವಲಸಾಬ ಎದ್ದ, ತಿರುಗಿದ, ನಿಂತ.

ಶಿವಲೀಲಾ ಬಾಯಿ ತೆರೆದಳು. ಮಾಸ್ತರರು ಬೇಡವೆಂದು ಕೈ ಮಾಡಿದರು. ಎದ್ದು ಹೋಗಿ ಆ ಬೆಳಕಿನಲ್ಲಿ ನಿಂತರು.

ಪ್ರಾಂಪ್ಟರ್ ಎಂದೂ ಕಾಣಿಸಿಕೊಳ್ಳಬಾರದು ಎಂದು ಅವಳಿಗೆ ಮೊದಲ ಪಾಠ ಹೇಳಿದವರು ಅವರೇ. ಮುಂದೆ ಕೂತ ಒಂದಿಬ್ಬರಿಗೆ ಅವರ ಬಿಳಿ ಅಂಗಿ ಕಂಡಿತು.

ಅವರು ತುಟಿ ಬಿಚ್ಚಲಿಲ್ಲ. ದಾವಲಸಾಬ ಬಹಳ ಹೊತ್ತು ಅವರನ್ನೇ ನೋಡಿದ. ಆಮೇಲೆ ಮಾತಾಡಿದ. ಒಂದಕ್ಷರವೂ ತಪ್ಪಲಿಲ್ಲ.

ಆಟ ಮುಗಿಯಿತು. ಪಾರ್ಟು ಅವನಲ್ಲೇ ಉಳಿಯಿತು.

“ಮಾಸ್ತರ, ಆಕಿ ಜಾಗದಾಗ ನಿಮ್ಮನ್ನ ನೋಡಿ ಕಾಕಾಗ ಸಮಾಧಾನ ಆತೇನ್ರಿ?”

“ಇಲ್ಲವ್ವಾ. ಆಕಿ ಇಲ್ಲ ಅನ್ನೋದು ಇನ್ನೂ ಗಟ್ಟಿಯಾಗಿ ಗೊತ್ತಾತು.”

“ಮತ್ತ ಮಾತು ಹೆಂಗ ಬಂತು?”

ಮಾಸ್ತರರು ನಾಟಕದ ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು.

“ಆಕಿ ಇಲ್ಲ ಅನ್ನೋದು ನನಗೂ ಗೊತ್ತೈತಿ ಅಂತ ಅಂವಗ ಕಾಣಿಸ್ತು.”