ಓಲೆಯ ಕೊನೆಯ ಸಾಲು

“ಗುರುಗಳೇ, ಮಾತು ನಿಜವಾಗಿದ್ದರೆ ಸಾಲದೆ? ಅದನ್ನು ಹೇಳಿದವರು ಯಾರು ಎಂಬುದೂ ನಿಜವಾಗಿರಬೇಕೆ?”

ಶಿಷ್ಯ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ನಾಲ್ಕು ವರ್ಷ ದುಡಿದು ಅವನು ಒಂದು ಪ್ರಬಂಧ ಬರೆದಿದ್ದ. ಮರುದಿನ ಅದನ್ನು ವಿದ್ವಾಂಸರಿಗೆ ಒಪ್ಪಿಸಬೇಕಿತ್ತು. ಕೊನೆಯಲ್ಲಿ ಆಕರಗಳ ಪಟ್ಟಿ: ಲೇಖಕನ ಹೆಸರು, ಗ್ರಂಥದ ಹೆಸರು, ವರ್ಷ, ಪುಟ. ಎಲ್ಲ ಸಾಲುಗಳೂ ಒಂದೇ ಅಚ್ಚಿನಲ್ಲಿದ್ದವು. ಒಂದು ಮಾತ್ರ ಆ ಅಚ್ಚಿಗೆ ಕೂರುತ್ತಿರಲಿಲ್ಲ. ಪ್ರಬಂಧದ ಮುಖ್ಯ ಮಾತೊಂದನ್ನು ಅವನಿಗೆ ಹೇಳಿದವನು ಹೊಳೆದಂಡೆಯಲ್ಲಿ ಬಲೆ ಹೆಣೆಯುವ ಒಬ್ಬ ಮುದುಕ. ಮುದುಕನಿಗೆ ಗ್ರಂಥವೂ ಇಲ್ಲ, ಪುಟವೂ ಇಲ್ಲ. ಆ ಜಾಗದಲ್ಲಿ ಹೆಸರಾಂತ ಪಂಡಿತನೊಬ್ಬನನ್ನು ಕೂರಿಸಿದರೆ ಪಟ್ಟಿ ನೆಟ್ಟಗಾಗುತ್ತದೆ, ವಿದ್ವಾಂಸರೂ ನಗುವುದಿಲ್ಲ ಎಂದು ಯೋಚಿಸಿ ಶಿಷ್ಯ ಹಾಗೆಯೇ ಬರೆದು ತಂದಿದ್ದ.

ಗುರುಗಳು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. “ಮದುವೆಯ ಕರೆಯೋಲೆಯೂ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ,” ಎಂದರು. ಅದು ಹೊಗಳಿಕೆಯಲ್ಲ ಎಂದು ಶಿಷ್ಯನಿಗೆ ಗೊತ್ತಾಯಿತು. ಅವರು ಹಾಳೆಗಳನ್ನು ಮಡಿಚಿ ಪಕ್ಕಕ್ಕಿಟ್ಟು ಹೇಳತೊಡಗಿದರು.

“ಒಂದು ಕತೆ ಇದೆ. ನನ್ನದಲ್ಲ. ನನಗೆ ಹೇಳಿದವರು ನನ್ನ ಗುರುಗಳು, ಅವರಿಗೆ ಹೇಳಿದವರು ಅವರ ಸೋದರತ್ತೆ. ಅದರಾಚೆ ನನಗೆ ತಿಳಿಯದು. ತಿಳಿದವನಂತೆ ನಟಿಸುವುದೂ ಇಲ್ಲ. ಕೇಳು.”

ಒಂದು ಊರಿನಲ್ಲಿ ಒಬ್ಬ ಹಿರಿಯ ವೈದ್ಯನಿದ್ದ. ಅವನ ಬಳಿ ಒಂದು ಓಲೆಯ ಪುಸ್ತಕವಿತ್ತು. ಒಂದೊಂದು ಓಲೆಯಲ್ಲಿ ಒಂದೊಂದು ಮದ್ದು. ಮದ್ದಿನ ವಿವರ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಇರಲೇಬೇಕು ಎಂಬುದು ಆ ಮನೆತನದ ಕಟ್ಟಳೆ. ಇದನ್ನು ಹೇಳಿದವರು ಇಂಥವರು, ಅವರ ಊರು ಇಂಥದು, ಸಂಶಯ ಬಂದರೆ ಹೋಗಿ ಕೇಳುವುದು. ಹೇಳಿದವರು ಸತ್ತರೆ ಅವರ ಮಗನದೋ ಮಗಳದೋ ಹೆಸರನ್ನು ಪಕ್ಕದಲ್ಲಿ ಕೊರೆಯುತ್ತಿದ್ದರು. ಹೀಗಾಗಿ ಆ ಸಾಲುಗಳಿಗೆ ಒಂದು ಅಂದಚಂದ ಇರಲಿಲ್ಲ. ಕೆಲವು ಗಿಡ್ಡ, ಕೆಲವು ಉದ್ದ. ಹೆಸರುಗಳೂ ದೊಡ್ಡವರವಲ್ಲ. ಒಬ್ಬ ಸೂಲಗಿತ್ತಿ, ಒಬ್ಬ ಕುಂಬಾರ, ಕುರಿ ಕಾಯುವ ಒಬ್ಬ ಹೆಂಗಸು.

ಹಿರಿಯ ವೈದ್ಯ ತೀರಿಕೊಂಡ. ಪುಸ್ತಕ ಅವನ ಶಿಷ್ಯನ ಕೈಗೆ ಬಂತು. ಓಲೆಗಳು ಹಳೆಯವಾಗಿದ್ದವು, ಅಂಚು ಮುರಿಯುತ್ತಿದ್ದವು. ಹೊಸ ಪ್ರತಿ ಮಾಡಲು ಅವನು ಕುಳಿತ. ಅದೇ ಹೊತ್ತಿಗೆ ಅರಸನ ಸಭೆಯಿಂದ ಕರೆ ಬಂತು. ಪುಸ್ತಕವನ್ನು ಪಂಡಿತರ ಮುಂದೆ ಓದಬೇಕು.

ವೈದ್ಯನಿಗೆ ಕೊನೆಯ ಸಾಲುಗಳ ಚಿಂತೆ ಹತ್ತಿತು. ತುಂಬಿದ ಸಭೆಯಲ್ಲಿ ಕುರಿ ಕಾಯುವವಳ ಹೆಸರು ಓದುವುದು ಹೇಗೆ? ಹಿತ್ತಲ ಗಿಡ ಮದ್ದಲ್ಲ ಎನ್ನುವ ಜನ ಹಟ್ಟಿಯವಳ ಮದ್ದನ್ನು ನಂಬುತ್ತಾರೆಯೇ? ಅವನು ಹೆಚ್ಚು ದಿನ ಯೋಚಿಸಲಿಲ್ಲ. ಪ್ರತಿ ಓಲೆಯ ಕೊನೆಯಲ್ಲೂ ಒಬ್ಬೊಬ್ಬ ಋಷಿಯ ಹೆಸರು ಬರೆದ. ಋಷಿ, ಗ್ರಂಥ, ಅಧ್ಯಾಯ, ಶ್ಲೋಕ. ಒಂದು ಸಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಮದ್ದುಗಳನ್ನು ಮಾತ್ರ ಅವನು ಮುಟ್ಟಲಿಲ್ಲ. ಅವು ನಿಜವಾಗಿಯೇ ಇದ್ದವು, ನೀನು ಹೇಳಿದ ಹಾಗೆ.

ಪ್ರತಿ ಮುಗಿದ ಮೇಲೆ ಹಳೆಯ ಓಲೆಗಳನ್ನು ಹೊಳೆಗೆ ಬಿಡುವುದು ವಾಡಿಕೆ. ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು, ಅವನೂ ಬಿಟ್ಟ.

ಸಭೆ ಮೆಚ್ಚಿತು. ಅರಸ ಶಾಲು ಹೊದಿಸಿದ. ಹನ್ನೊಂದು ಪ್ರತಿ ಮಾಡಿಸಿ ಹನ್ನೊಂದು ಊರಿಗೆ ಕಳುಹಿಸಿದ. ಹನ್ನೆರಡನೆಯದು ವೈದ್ಯನ ಮನೆಯಲ್ಲಿ ಉಳಿಯಿತು.

ಎರಡು ವರ್ಷ ಕಳೆಯಿತು. ವೈದ್ಯನ ಮಗಳಿಗೆ ಜ್ವರ ಬಂತು. ಐದು ವರ್ಷದ ಮಗು. ಜ್ವರ ನೆತ್ತಿಗೇರಿ ಕೈಕಾಲು ಸೆಟೆಯತೊಡಗಿತು. ಅದಕ್ಕೆ ಪುಸ್ತಕದಲ್ಲಿ ಒಂದು ಬೇರು ಇತ್ತು, ಹಾಲಿನಲ್ಲಿ ಅರೆದು ಕುಡಿಸುವುದು. ವೈದ್ಯ ಗುಡ್ಡಕ್ಕೆ ಓಡಿ ಬೇರು ಕಿತ್ತು ತಂದ. ಅರೆಯಲು ಕೂತವನ ಕೈ ನಿಂತಿತು.

ಅವನಿಗೆ ನೆನಪಾಯಿತು. ಹಿಂದೆ ಈ ಬೇರು ಕಿತ್ತಾಗಲೆಲ್ಲ ಗುರು ನೇರ ಮನೆಗೆ ಬರುತ್ತಿರಲಿಲ್ಲ. ಒಂದು ಕುರಿಹಟ್ಟಿಗೆ ಹೋಗಿ, ಯಾರಿಗೋ ತೋರಿಸಿ, ಆಮೇಲೆ ಬರುತ್ತಿದ್ದ. ಒಮ್ಮೆ ಇವನನ್ನೂ ಕರೆದುಕೊಂಡು ಹೋಗಿದ್ದ. ಇವನು ಕುರಿಯ ವಾಸನೆಗೆ ಹೇಸಿ ಮೂಗಿಗೆ ಬಟ್ಟೆ ಹಿಡಿದು ದಾರಿಯಲ್ಲೇ ನಿಂತಿದ್ದ. ಯಾವ ಹಟ್ಟಿ? ಸುತ್ತ ಒಂಬತ್ತು ಹಟ್ಟಿಗಳಿದ್ದವು. ಯಾರ ಹೆಸರು? ಹಳೆಯ ಓಲೆಯಲ್ಲಿ ಅದು ಇತ್ತು. ಅವನೇ ಓದಿದ್ದ. ವಾಸನೆ ನೆನಪಾಯಿತು, ಹೆಸರು ನೆನಪಾಗಲಿಲ್ಲ.

ಹೊಸ ಓಲೆ ತೆರೆದು ನೋಡಿದ. ಕೊನೆಯಲ್ಲಿ ಋಷಿಯ ಹೆಸರಿತ್ತು. ಋಷಿಯನ್ನು ಎಲ್ಲಿಗೆ ಹೋಗಿ ಕೇಳುವುದು?

“ಏನು ಯೋಚಿಸ್ತಾ ಕೂತಿದ್ದೀರಿ? ಮಗು ಕೈ ಬಿಟ್ಟು ಹೋಗ್ತಿದೆ,” ಎಂದು ಹೆಂಡತಿ ಕೂಗಿದಳು.

ಅವನು ಅರೆದ. ಕುಡಿಸಿದ. ಹೊತ್ತು ಇಳಿಯುವ ಮೊದಲೇ ಮಗು ತೀರಿಕೊಂಡಿತು.

ಮೂರನೆಯ ದಿನ, ಮಗು ಹೋದ ಸುದ್ದಿ ಕೇಳಿ ಒಬ್ಬ ಹೆಂಗಸು ಅವನ ಬಾಗಿಲಿಗೆ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅಂಗಳದ ಮೂಲೆಯಲ್ಲಿ ಬಿದ್ದಿದ್ದ ಬೇರಿನ ತುಂಡನ್ನು ಎತ್ತಿ, ಮುರಿದು, ಮೂಸಿ ನೋಡಿ ಅಲ್ಲೇ ಕುಸಿದು ಕೂತಳು.

“ಹೂ ಬಿಟ್ಟ ಮ್ಯಾಲೆ ಕಿತ್ತೀರಲ್ಲ ಸ್ವಾಮಿ. ಆಗ ಇದು ಮದ್ದಲ್ಲ, ಇಸ. ನಿಮ್ಮ ಗುರುಗಳು ಬೇರು ಕಿತ್ತಾಗೆಲ್ಲ ನಮ್ಮ ಹಟ್ಟಿಗೆ ಬರೋರು. ನಮ್ಮವ್ವ ಮೂಸಿ ನೋಡಿ ಹೇಳೋಳು. ಅವ್ವ ಹೋದ ಮ್ಯಾಲೆ ನಾನು ಹೇಳ್ತಿದ್ದೆ. ಎರಡು ವರ್ಸದಿಂದ ಇದೇ ಗುಡ್ಡದ ಹಿಂದೆ ಅದೀನಿ. ಯಾರೂ ಕೇಳಾಕೆ ಬರಲಿಲ್ಲವಲ್ಲ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ವೈದ್ಯ ಅವಳ ಹೆಸರು ಕೇಳಿದ, ಅವಳ ತಾಯಿಯ ಹೆಸರನ್ನೂ ಕೇಳಿದ. ಋಷಿಯ ಹೆಸರನ್ನು ಕೆರೆದು ಅದೇ ಜಾಗದಲ್ಲಿ ಎರಡನ್ನೂ ಕೊರೆದ. ಹೂವಿನ ಮಾತನ್ನೂ, ಹಟ್ಟಿಯ ಗುರುತನ್ನೂ ಅದೇ ಸಾಲಿನಲ್ಲಿ ಇಕ್ಕಟ್ಟಾಗಿ ಸೇರಿಸಿದ. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹನ್ನೊಂದು ಊರಿಗೂ ನಡೆದ.

ಎಲ್ಲ ಕಡೆಯೂ ಒಂದೇ ಮಾತು. “ಋಷಿವಾಕ್ಯವನ್ನು ತಿದ್ದಲು ನೀನು ಯಾರು?”

ಅದು ಋಷಿವಾಕ್ಯವಲ್ಲ, ಆ ಹೆಸರು ಹಾಕಿದವನು ನಾನೇ ಎಂದು ಅವನು ಅತ್ತು ಹೇಳಿದ. ಮಗು ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದು ಅನ್ನ ಹಾಕಿ ಕಳುಹಿಸಿದರು. ಸಭೆಯಲ್ಲಿ ಓದಿದ ಸುಳ್ಳನ್ನು ಎಲ್ಲರೂ ನಂಬಿದ್ದರು. ಹಾದಿಯಲ್ಲಿ ನಿಂತು ಹೇಳಿದ ನಿಜವನ್ನು ಒಬ್ಬನೂ ನಂಬಲಿಲ್ಲ. ಆ ಊರುಗಳಲ್ಲಿ ಎಷ್ಟು ಮಕ್ಕಳಿಗೆ ಆ ಬೇರು ಅರೆದು ಕುಡಿಸಿದರೋ, ಅದನ್ನು ಯಾರೂ ಬರೆದಿಟ್ಟಿಲ್ಲ.

ವೈದ್ಯನೂ ಹೋದ. ಹಟ್ಟಿಯವರು ಕುರಿ ಹೊಡೆದುಕೊಂಡು ಬೇರೆ ಸೀಮೆಗೆ ಹೋದರು. ಕಾಲ ಕಳೆದು ಅವನ ಪುಸ್ತಕದ ಅಂಚೂ ಮುರಿಯತೊಡಗಿತು. ಹೊಸ ಪ್ರತಿ ಮಾಡಲು ಒಬ್ಬ ಲಿಪಿಕಾರ ಬಂದ. ಒಳ್ಳೆಯವನು, ಕೆಲಸದಲ್ಲಿ ಕಟ್ಟುನಿಟ್ಟು. ಒಂದೇ ಪ್ರತಿಯನ್ನು ನಂಬಬಾರದು ಎಂಬುದು ಅವನ ನಿಯಮ. ಆದ್ದರಿಂದ ಹನ್ನೆರಡನ್ನೂ ತರಿಸಿ ಪಕ್ಕಪಕ್ಕ ಇಟ್ಟು ಹೋಲಿಸಿದ. ಹನ್ನೊಂದರಲ್ಲಿ ಋಷಿಯ ಹೆಸರು, ಅಚ್ಚುಕಟ್ಟಾದ ಸಾಲು. ಒಂದರಲ್ಲಿ ಮಾತ್ರ ಕೆರೆದು ತಿದ್ದಿದ ಗುರುತು, ಸೊಟ್ಟ ಅಕ್ಷರ, ಕುರಿ ಕಾಯುವವಳ ಹೆಸರು. ಕೈತಪ್ಪು ಎಂದು ತೀರ್ಮಾನಿಸಿ ಆ ಸಾಲನ್ನು ಇಡಿಯಾಗಿ ಬಿಟ್ಟು, ಉಳಿದವುಗಳಂತೆ ಸರಿಪಡಿಸಿದ.

ವೈದ್ಯ ತಿದ್ದಿದ ಆ ಹಳೆಯ ಓಲೆಗಳನ್ನು ಅವನೂ ಹೊಳೆಗೆ ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮಡಿಚಿಟ್ಟ ಹಾಳೆಗಳನ್ನು ಶಿಷ್ಯನ ಮುಂದೆ ಸರಿಸಿದರು. ಶಿಷ್ಯ ಅವನ್ನು ಮುಟ್ಟಲಿಲ್ಲ. ತಲೆಯೆತ್ತಿ ಕೇಳಿದ.

“ಆ ಹೆಂಗಸಿನ ಹೆಸರೇನು ಗುರುಗಳೇ?”

“ಹನ್ನೆರಡು ಪ್ರತಿಗಳನ್ನೂ ನಾನು ತೆರೆದು ನೋಡಿದ್ದೇನೆ ಮಗು, ಹನ್ನೆರಡರಲ್ಲೂ ಋಷಿಯ ಹೆಸರೇ ಇದೆ.”